ತಟ್ಟೆ ತೊಳೆಯುವುದೂ ಪಾಠವೇ: ಶಾಲಾ ಶಿಕ್ಷಣ ಸಚಿವರಿಗೆ ಒಬ್ಬ ತಾಯಿಯ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಆಟಿಸಂ ಇರುವ ಮಕ್ಕಳಿಗೆ ನಿತ್ಯದ ಕೆಲಸಗಳನ್ನು ಶಾಲೆಯಲ್ಲಿಯೇ ಕಲಿಸುವ ಬಗ್ಗೆ.

ಮಾನ್ಯರೇ,

ತುಮಕೂರು ಜಿಲ್ಲೆಯ ತೆಂಗಿನ ಸೀಮೆಯ ಒಂದು ತಾಲ್ಲೂಕು ಕೇಂದ್ರದಿಂದ ಈ ಪತ್ರ ಬರೆಯುತ್ತಿದ್ದೇನೆ. ನಮ್ಮ ಯಜಮಾನರದು ಸಣ್ಣ ಕೊಬ್ಬರಿ ವ್ಯಾಪಾರ. ಮಗಳು ಪ್ರಥಮ ಪಿಯುಸಿ ಓದುತ್ತಿದ್ದಾಳೆ. ಮಗನಿಗೆ ಹನ್ನೆರಡು ವರ್ಷ, ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೇ ತರಗತಿ. ಅವನಿಗೆ ಆಟಿಸಂ ಇದೆ. ಸರ್ಕಾರಿ ಕಾಗದಗಳಲ್ಲಿ ಅದನ್ನು ಸ್ವಲೀನತೆ ಎಂದು ಬರೆಯುತ್ತಾರೆ. ಅವನ ಮಾತು ಕಡಿಮೆ, ಎಣಿಸಿದರೆ ಇಪ್ಪತ್ತು ಮೂವತ್ತು ಪದಗಳು ಸಿಗಬಹುದು. ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವನ ಸ್ನಾನ, ಶೌಚದ ವಿಚಾರವನ್ನು ಬರೆಯದೆ ಈ ಪತ್ರವನ್ನು ಮುಗಿಸಲಾರೆ. ನಾಳೆ ಅವನು ದೊಡ್ಡವನಾದಾಗ ಯಾರೂ ಅದನ್ನು ಹಿಡಿದು ಆಡಿಕೊಳ್ಳಬಾರದು.

ಸ್ನಾನ ಎಂದರೆ ತಮಗೂ ನನಗೂ ಒಂದು ಕೆಲಸ. ನನ್ನ ಮಗನಿಗೆ ಅದು ಹದಿನೇಳು ಕೆಲಸ. ಬಚ್ಚಲಿನ ಬಾಗಿಲು ಹಾಕುವುದು, ಅಂಗಿ ಬಿಚ್ಚುವುದು, ಚಡ್ಡಿ ಬಿಚ್ಚುವುದು, ಹಂಡೆಯ ಬಿಸಿನೀರನ್ನು ಬಕೆಟ್ಟಿಗೆ ತೋಡಿಕೊಳ್ಳುವುದು, ತಣ್ಣೀರು ಬೆರೆಸುವುದು, ಕೈ ಅದ್ದಿ ಹದ ನೋಡುವುದು, ಹೀಗೆ ಸಾಗಿ ಒದ್ದೆ ಟವೆಲನ್ನು ಹಗ್ಗದ ಮೇಲೆ ಹರವುವವರೆಗೆ. ಈ ಹದಿನೇಳನ್ನೂ ನಾನೂ ಮಗಳೂ ಕುಳಿತು ಪಟ್ಟಿ ಮಾಡಿದೆವು. ಹಳೆಯ ಮದುವೆ ಕರೆಯೋಲೆಗಳ ಹಿಂಬದಿಯಲ್ಲಿ ಮಗಳು ಒಂದೊಂದಕ್ಕೂ ಚಿತ್ರ ಬರೆದಳು. ನೀರು ತಾಗದ ಹಾಗೆ ಪ್ಲಾಸ್ಟಿಕ್ ಹೊದಿಸಿ ಬಚ್ಚಲ ಗೋಡೆಗೆ ಅಂಟಿಸಿದೆವು. ಹದಿನಾಲ್ಕು ತಿಂಗಳು ಹಿಡಿಯಿತು. ಈಗ ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಸ್ನಾನ ಮುಗಿಸಿಕೊಂಡೇ ಬರುತ್ತಾನೆ. ಬೆನ್ನಿನ ಮೇಲೆ ಒಂದಿಷ್ಟು ಸೋಪಿನ ನೊರೆ ಉಳಿದಿರುತ್ತದೆ, ಅಷ್ಟೇ.

ಈ ದಾರಿಯನ್ನು ತೋರಿಸಿದವರು ಬೆಂಗಳೂರಿನಲ್ಲಿ ನಾವು ನಾಲ್ಕೇ ಬಾರಿ ಭೇಟಿಯಾದ ಒಬ್ಬ ಆಕ್ಯುಪೇಷನಲ್ ಥೆರಪಿಸ್ಟ್, ಎಂದರೆ ನಿತ್ಯದ ಕೆಲಸಗಳನ್ನು ಮಾಡಲು ಕಲಿಸುವ ತಜ್ಞರು. ಅವರು ಹೇಳಿದ ಒಂದು ಮಾತು ನಮ್ಮ ಮನೆಯನ್ನೇ ಬದಲಿಸಿತು: ಕೊನೆಯ ಹೆಜ್ಜೆಯನ್ನು ಮೊದಲು ಕಲಿಸಿ. ಅಂಗಿಯ ಗುಂಡಿಗಳನ್ನೆಲ್ಲ ನೀವೇ ಹಾಕಿ, ಕೊನೆಯ ಗುಂಡಿಯನ್ನು ಮಾತ್ರ ಅವನಿಗೆ ಬಿಡಿ. ಆಗ ಕೆಲಸ ಮುಗಿಸಿದವನು ಅವನೇ ಆಗುತ್ತಾನೆ. ಅದು ಬಂದ ಮೇಲೆ ಕೊನೆಯ ಎರಡು, ಆಮೇಲೆ ಮೂರು. ಮೊದಲ ಗುಂಡಿಯಿಂದ ಆರಂಭಿಸಿದರೆ ಅವನು ಅರ್ಧಕ್ಕೆ ಸೋಲುತ್ತಾನೆ, ನೀವು ಮುಗಿಸುತ್ತೀರಿ, ಪ್ರತಿದಿನ ಅವನು ಕಲಿಯುವುದು ಸೋಲನ್ನೇ. ಇನ್ನೊಂದನ್ನೂ ಹೇಳಿದರು. ಬಾಯಿಯಲ್ಲಿ ಹೇಳಿಕೊಡುತ್ತಾ ಹೋಗಬೇಡಿ, ಹೇಳುವವರ ದನಿಯೂ ಕೆಲಸದ ಒಂದು ಭಾಗವೆಂದು ಅವನು ಹಿಡಿದುಬಿಡುತ್ತಾನೆ. ಹಿಂದೆ ನಿಂತು ಕೈ ಹಿಡಿದು ಮಾಡಿಸಿ, ದಿನ ಕಳೆದಂತೆ ಹಿಡಿತ ಸಡಿಲಿಸಿ, ಬರೀ ಮೊಣಕೈ ಮುಟ್ಟಿ, ಕೊನೆಗೆ ಕೈ ತೆಗೆಯಿರಿ. ನಾನು ಅಲ್ಲಿಯವರೆಗೆ ದಿನಕ್ಕೆ ನೂರು ಬಾರಿ "ಹಾಕು, ತೆಗೆ, ತೊಳಿ" ಎನ್ನುತ್ತಿದ್ದೆ. ನಾನು ಹೇಳದಿದ್ದರೆ ಅವನು ಕೈಯಲ್ಲಿ ಚೆಂಬು ಹಿಡಿದು ಹಾಗೆಯೇ ನಿಂತಿರುತ್ತಿದ್ದ. ತಪ್ಪು ನನ್ನ ಕಲಿಸುವಿಕೆಯಲ್ಲಿತ್ತು, ಅವನಲ್ಲಿ ಇರಲಿಲ್ಲ.

ಹಲ್ಲುಜ್ಜಲು ಅವನು ಕಿರುಚುತ್ತಿದ್ದುದನ್ನು ನಾವು ಹಟ ಎಂದುಕೊಂಡಿದ್ದೆವು. ಪೇಸ್ಟಿನ ಪುದೀನ ರುಚಿ ಅವನ ಬಾಯಿಗೆ ಉರಿಯಾಗಿತ್ತು. ಪೇಸ್ಟ್ ಬಿಟ್ಟು ಬರೀ ಬ್ರಷ್ ಕೊಟ್ಟ ಮೂರನೇ ದಿನ ಕಿರುಚಾಟ ನಿಂತಿತು. ಇಷ್ಟು ಸಣ್ಣ ಸಂಗತಿ ತಿಳಿಯಲು ನಮಗೆ ಏಳು ವರ್ಷ ಬೇಕಾಯಿತು. ತಿಳಿಸುವವರು ನಮ್ಮ ತಾಲ್ಲೂಕಿನಲ್ಲಿ ಇರಲಿಲ್ಲ.

ಇನ್ನು ಶಾಲೆಯ ವಿಷಯಕ್ಕೆ ಬರುತ್ತೇನೆ.

ಎರಡು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಶಾಲೆಯಿಂದ ಫೋನ್ ಬಂತು. ಮಗ ಚಡ್ಡಿಯಲ್ಲಿ ಮೂತ್ರ ಮಾಡಿಕೊಂಡಿದ್ದ. ಮನೆಯಲ್ಲಿ ಆ ಹೊತ್ತಿಗೆ ಅವನು ತಾನಾಗಿಯೇ ಶೌಚಾಲಯಕ್ಕೆ ಹೋಗಿಬರುತ್ತಿದ್ದ. ಹೋಗಿ ನೋಡಿದರೆ ಶಾಲೆಯ ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ, ಒಳಗೆ ಚೆಂಬೂ ಇರಲಿಲ್ಲ. ಮನೆಯಲ್ಲಿ ಅವನ ಪಟ್ಟಿಯ ಎರಡನೇ ಹೆಜ್ಜೆ ಚಿಲಕ ಹಾಕುವುದು. ಆ ಹೆಜ್ಜೆ ಸಿಗದೆ ಅವನು ಬಾಗಿಲ ಬಳಿ ನಿಂತೇ ಇದ್ದ, ಆಗುವುದು ಆಗಿಹೋಯಿತು. ಮುಖ್ಯ ಶಿಕ್ಷಕರು ಕೋಪ ಮಾಡಿಕೊಳ್ಳಲಿಲ್ಲ, ಬೇಸರದಿಂದಲೇ ಹೇಳಿದರು: "ನಾಳೆಯಿಂದ ನೀವೂ ಬಂದು ಕುಳಿತುಕೊಳ್ಳಿ ಅಮ್ಮ."

ನಾನು ಹನ್ನೊಂದು ತಿಂಗಳು ಆ ಶಾಲೆಯ ಹೊಂಗೆ ಮರದ ಕೆಳಗೆ ಕುಳಿತೆ. ಅಲ್ಲಿ ಕುಳಿತು ಕಣ್ಣಾರೆ ಕಂಡದ್ದನ್ನು ತಮ್ಮ ಮುಂದೆ ಇಡುತ್ತಿದ್ದೇನೆ.

ನನ್ನ ಮಗನನ್ನು ಆ ಶಾಲೆಯಲ್ಲಿ ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಎಲ್ಲರೂ ಪ್ರೀತಿ ಮಾಡಿದರು. ಆ ಪ್ರೀತಿಯೇ ಅವನ ಕೈಗಳನ್ನು ಕಟ್ಟಿಹಾಕಿತು. ಊಟದ ಸಾಲಿನಲ್ಲಿ ಅವನನ್ನು ನಿಲ್ಲಿಸುತ್ತಿರಲಿಲ್ಲ, ತಟ್ಟೆ ಅವನು ಕುಳಿತಲ್ಲಿಗೇ ಬರುತ್ತಿತ್ತು. ಮೊಟ್ಟೆಯ ಸಿಪ್ಪೆಯನ್ನು ಪಕ್ಕದ ಹುಡುಗಿ ಸುಲಿದುಕೊಡುತ್ತಿದ್ದಳು. ಉಂಡ ತಟ್ಟೆಯನ್ನು "ಪಾಪ, ಬಿಡು, ನಾನು ತೊಳೆಯುತ್ತೇನೆ" ಎಂದು ಯಾರೋ ಒಯ್ಯುತ್ತಿದ್ದರು. ಚೀಲಕ್ಕೆ ಪುಸ್ತಕ ತುಂಬುವುದು, ಚಪ್ಪಲಿ ಹುಡುಕಿ ಕಾಲಿಗೆ ಹಾಕುವುದು, ನೀರಿನ ಬಾಟಲಿಯ ಮುಚ್ಚಳ ತೆರೆಯುವುದು, ಎಲ್ಲವನ್ನೂ ಬೇರೆಯವರೇ ಮಾಡಿದರು. ಇದನ್ನು ನೋಡುತ್ತಾ ಕುಳಿತ ನಾನು ಎದ್ದು ಹೋಗಿ "ಬೇಡ, ಅವನೇ ಮಾಡಲಿ" ಎಂದರೆ, ಮಗನ ಮೇಲೆ ಕರುಣೆಯಿಲ್ಲದ ತಾಯಿ ಎಂಬಂತೆ ಮಕ್ಕಳು ನನ್ನನ್ನು ನೋಡಿದರು. ವರ್ಷ ಮುಗಿಯುವ ಹೊತ್ತಿಗೆ ಅವನು ಮನೆಯಲ್ಲಿಯೂ ತಟ್ಟೆ ತೊಳೆಯುವುದನ್ನು ನಿಲ್ಲಿಸಿದ. ಉಂಡು ಎದ್ದು, ತಟ್ಟೆಯ ಪಕ್ಕದಲ್ಲಿ ನಿಂತು, ಯಾರಾದರೂ ಬರಲಿ ಎಂದು ಕಾಯತೊಡಗಿದ.

ಆ ವರ್ಷದ ಅವನ ಪ್ರಗತಿ ಪತ್ರದಲ್ಲಿ ಹೀಗೆ ಬರೆದಿತ್ತು: ಸ್ವರಾಕ್ಷರಗಳನ್ನು ಗುರುತಿಸುತ್ತಾನೆ. ಇಪ್ಪತ್ತರವರೆಗೆ ಎಣಿಸುತ್ತಾನೆ. ಎರಡೂ ನಿಜ. ಕಲಿಸಿದ ಶಿಕ್ಷಕಿಗೆ ನಾನು ಋಣಿ. ಆದರೆ ತಟ್ಟೆ ತೊಳೆಯುತ್ತಿದ್ದ ಹುಡುಗ ಅದನ್ನು ಮರೆತ ಸಂಗತಿ ಆ ಪತ್ರದಲ್ಲಿ ಎಲ್ಲಿಯೂ ಇರಲಿಲ್ಲ, ಅದನ್ನು ಬರೆಯಲು ಅಲ್ಲಿ ಒಂದು ಅಂಕಣವೂ ಇರಲಿಲ್ಲ.

ಒಬ್ಬರು ಮಾತ್ರ ಬೇರೆಯಾಗಿದ್ದರು. ಬಿಸಿಯೂಟದ ಅಡುಗೆಯವರು. ಓದಿದ್ದು ನಾಲ್ಕನೇ ತರಗತಿ. ಮಗ ನಲ್ಲಿಯ ಮುಂದೆ ಕೈ ಚಾಚಿ ನಿಂತಿದ್ದ. ನಮ್ಮ ಮನೆಯ ನಲ್ಲಿ ತಿರುಗಿಸುವುದು, ಶಾಲೆಯದು ಒತ್ತುವುದು. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ತಾನಾಗಿ ಬರುವುದಿಲ್ಲ, ಇಂಥ ಅನೇಕ ಮಕ್ಕಳ ದೊಡ್ಡ ತೊಡಕು ಅದು. ಮೂರು ಮಕ್ಕಳು ನಲ್ಲಿ ಒತ್ತಲು ಮುನ್ನುಗ್ಗಿದರು. ಆಕೆ ಅವರನ್ನು ತಡೆದು, ಅವನ ಬೆರಳನ್ನು ಹಿಡಿದು ನಲ್ಲಿಯ ಮೇಲೆ ಇಟ್ಟು, ಸುಮ್ಮನೆ ನಿಂತರು. ಒಂದು ನಿಮಿಷವಾದರೂ ಆಗಿರಬೇಕು. ಅವನು ಒತ್ತಿದ. ನೀರು ಬಂತು. ಮರುದಿನ ಆಕೆ ಬೆರಳು ಹಿಡಿಯಲಿಲ್ಲ, ನಲ್ಲಿಯತ್ತ ನೋಡಿದರು ಅಷ್ಟೇ. ವಾರದಲ್ಲಿ ಅವನಿಗೆ ಅದು ಬಂತು. ನಾವು ಬೆಂಗಳೂರಿಗೆ ಹೋಗಿ ಮುಕ್ಕಾಲು ಗಂಟೆಗೆ 800 ರೂಪಾಯಿ ಕೊಟ್ಟು ಕಲಿತ ವಿದ್ಯೆಯನ್ನು ಆಕೆ ಸಾರಿನ ಸೌಟು ಹಿಡಿದ ಕೈಯಲ್ಲಿಯೇ ಮಾಡಿತೋರಿಸಿದರು. ಅದರ ನಂತರ ಆಕೆಗೆ ಬೇರೆ ಶಾಲೆಗೆ ವರ್ಗವಾಯಿತು.

ಮಾನ್ಯರೇ, ನಾನು ಶಿಕ್ಷಕರನ್ನು ದೂರಲು ಈ ಪತ್ರ ಬರೆಯುತ್ತಿಲ್ಲ. ಮಗನ ತರಗತಿಯ ಶಿಕ್ಷಕಿ ಎರಡು ತರಗತಿಗಳನ್ನು ಒಟ್ಟಿಗೆ ನೋಡಿಕೊಳ್ಳುತ್ತಾರೆ. ಇಂಥ ಮಕ್ಕಳಿಗಾಗಿಯೇ ಇರುವ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ತಿಂಗಳಿಗೊಮ್ಮೆ ತಮ್ಮ ದ್ವಿಚಕ್ರ ವಾಹನದಲ್ಲಿ ಬರುತ್ತಾರೆ, ಒಂದು ಗಂಟೆ ಇರುತ್ತಾರೆ, ಅದರಲ್ಲಿ ಅರ್ಧ ಗಂಟೆ ದಾಖಲೆ ಬರೆಯುವುದರಲ್ಲಿಯೇ ಮುಗಿಯುತ್ತದೆ. ತಾಲ್ಲೂಕಿನ ಶಾಲೆಗಳನ್ನೆಲ್ಲ ಸುತ್ತುವವರು ನನ್ನ ಮಗನ ಗುಂಡಿ ಹಾಕಿಸುತ್ತಾ ಕುಳಿತುಕೊಳ್ಳುವುದು ಹೇಗೆ? ಸುಪ್ರೀಂ ಕೋರ್ಟ್ 2021ರಲ್ಲಿಯೇ ವಿಶೇಷ ಶಿಕ್ಷಕರ ಪ್ರಮಾಣದ ಬಗ್ಗೆ ತೀರ್ಪು ಕೊಟ್ಟಿದೆ. 2025ರ ಮಾರ್ಚ್‌ನಲ್ಲಿ ಮತ್ತೊಮ್ಮೆ, ಹುದ್ದೆಗಳನ್ನು ಮಂಜೂರು ಮಾಡಿ ಅಧಿಸೂಚನೆ ಹೊರಡಿಸಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿದೆ. ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು ಎಂಬುದು ಇಂದಿನ ಮಾನದಂಡ. ನಮ್ಮ ತಾಲ್ಲೂಕಿನಲ್ಲಿ ಆ ದಿನವನ್ನು ನಾನಿನ್ನೂ ನೋಡಿಲ್ಲ.

ಕಳೆದ ವರ್ಷ ನನ್ನ ಮುಂದೆ ಒಂದು ಕಾಗದ ಇಟ್ಟರು. ಮಗನನ್ನು ಗೃಹಾಧಾರಿತ ಶಿಕ್ಷಣಕ್ಕೆ ಸೇರಿಸಿದರೆ "ನಿಮಗೂ ಅನುಕೂಲ, ಅವನಿಗೂ ಅನುಕೂಲ" ಎಂದರು. ನಾನು ಸಹಿ ಹಾಕಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ, ತೀವ್ರ ಅಥವಾ ಬಹುವಿಧದ ವೈಕಲ್ಯ ಇರುವ ಮಗುವಿಗೆ ಮನೆಯಲ್ಲಿ ಕಲಿಯುವುದನ್ನು ಆಯ್ದುಕೊಳ್ಳುವ ಹಕ್ಕನ್ನು ಕೊಟ್ಟಿದೆ. ಆಯ್ದುಕೊಳ್ಳುವುದು ಮಗುವಿನ ಹಕ್ಕು. ಶಾಲೆ ಮಗುವನ್ನು ಹೊರಗಿಡಲು ಬಳಸುವ ಬಾಗಿಲಲ್ಲ ಅದು. ಹಾಸಿಗೆ ಬಿಟ್ಟು ಏಳಲಾಗದ ಮಗುವಿಗೆ ಆ ವ್ಯವಸ್ಥೆ ಬೇಕೇ ಬೇಕು, ಅದನ್ನು ನಡೆಸುವವರಿಗೆ ನನ್ನ ನಮಸ್ಕಾರ. ಆದರೆ ನನ್ನ ಮಗ ಓಡುತ್ತಾನೆ, ಮರ ಹತ್ತುತ್ತಾನೆ, ಅಂಗಡಿಯಲ್ಲಿ ಕೊಬ್ಬರಿಯನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ ಚೀಲಕ್ಕೆ ಹಾಕುತ್ತಾನೆ. ಸಾಲಿನಲ್ಲಿ ನಿಲ್ಲುವುದನ್ನು ಅವನು ಮನೆಯಲ್ಲಿ ಕುಳಿತು ಕಲಿಯಲು ಸಾಧ್ಯವೇ? ನಾಲ್ಕು ಜನರ ಮಧ್ಯೆ ತನ್ನ ತಟ್ಟೆಯನ್ನು ತಾನೇ ಗುರುತಿಸಿ ತೆಗೆದುಕೊಳ್ಳುವುದನ್ನು?

ವಿಕಲಚೇತನರಿಗಾಗಿ ಬಂದ 1995ರ ಕಾಯ್ದೆಯಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿದ 21 ವೈಕಲ್ಯಗಳಲ್ಲಿ ಅದೂ ಒಂದು. ಅದೇ ಕಾಯ್ದೆಯ 16ನೇ ಸೆಕ್ಷನ್ ಶಾಲೆ ಏನು ಮಾಡಬೇಕೆಂದು ಹೇಳುವಾಗ ಓದಿನ ಬೆಳವಣಿಗೆಯನ್ನೂ ಸಾಮಾಜಿಕ ಬೆಳವಣಿಗೆಯನ್ನೂ ಒಟ್ಟಿಗೆ ಹೆಸರಿಸುತ್ತದೆ. ಹಾಗಿರುವಾಗ ನನ್ನ ಮಗನ ಪಾಲಿಗೆ ಅಕ್ಷರ ಮಾತ್ರ ಪಾಠವಾಗಿ, ಅನ್ನ ಕಲೆಸಿ ಉಣ್ಣುವುದು ಪಾಠವಲ್ಲವೆಂದು ತೀರ್ಮಾನಿಸಿದ್ದು ಎಲ್ಲಿ? "ಅದೆಲ್ಲ ಮನೆಯಲ್ಲಿ ಕಲಿಸಬೇಕು" ಎಂದು ನನಗೆ ಹಲವರು ಹೇಳಿದ್ದಾರೆ. ಬೇರೆ ಮಕ್ಕಳು ನೋಡಿ ನೋಡಿಯೇ ಅದನ್ನೆಲ್ಲ ಕಲಿಯುತ್ತಾರೆ, ಆದ್ದರಿಂದ ಅದು ಪಾಠವೆನ್ನಿಸುವುದಿಲ್ಲ. ನನ್ನ ಮಗ ನೋಡಿ ಕಲಿಯುವುದಿಲ್ಲ, ಕಲಿಸಿದರೆ ಕಲಿಯುತ್ತಾನೆ. ಕಲಿಸಿದರೆ ಮಾತ್ರ ಬರುವ ವಿದ್ಯೆ ಪಾಠವಲ್ಲದೆ ಮತ್ತೇನು?

ಮನೆಯಲ್ಲಿ ಕಲಿಸಿ ಎನ್ನುವವರು ಮನೆಯವರಿಗೆ ಕಲಿಸುವವರು ಯಾರೆಂದು ಹೇಳುವುದಿಲ್ಲ. ಬೆಂಗಳೂರಿಗೆ ಹೋಗಿಬಂದರೆ ಒಂದು ದಿನದ ವ್ಯಾಪಾರ ಹೋಗುತ್ತದೆ, ಮಗ ಎರಡು ದಿನ ನಿದ್ದೆ ಕೆಡುತ್ತಾನೆ. ಅಲ್ಲಿ ಕೊಟ್ಟ ಚಿತ್ರಗಳಲ್ಲಿ ಇದ್ದದ್ದು ಷವರ್, ಕಮೋಡ್, ಬ್ರೆಡ್ಡು, ಚಮಚ. ನಮ್ಮ ಮನೆಯಲ್ಲಿ ಇರುವುದು ಹಂಡೆ, ಚೆಂಬು, ರಾಗಿ ಮುದ್ದೆ. ಚಮಚ ಹಿಡಿಯಲು ಕಲಿತ ಹುಡುಗ ಮುದ್ದೆಯ ಮುಂದೆ ಕೈಕಟ್ಟಿ ಕುಳಿತ. ಮುದ್ದೆ ಉಣ್ಣುವುದಕ್ಕೂ ಹೆಜ್ಜೆಗಳಿವೆ. ಮೊದಲು ಬೆರಳು ಒದ್ದೆ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಕೈಗೆ ಅಂಟುತ್ತದೆ. ಅಂಟು ಇಂಥ ಅನೇಕ ಮಕ್ಕಳಿಗೆ ಸಹಿಸಲಾಗದು. ಆಮೇಲೆ ಮುರಿಯಬೇಕು, ಉಂಡೆ ಮಾಡಬೇಕು, ಸಾರಿಗೆ ಅದ್ದಬೇಕು, ಅಗಿಯದೆ ನುಂಗಬೇಕು. ಇದನ್ನು ಅವನಿಗೆ ಕಲಿಸಿದವರು ನಮ್ಮ ಅತ್ತೆ. ಹಲ್ಲಿಲ್ಲದ ಬಾಯಿಯಲ್ಲಿ ತಾವೂ ನುಂಗಿ ತೋರಿಸುತ್ತಾ, ಅವನ ಎದುರು ಎರಡು ತಿಂಗಳು ಕುಳಿತರು. ಕನ್ನಡದ ಮನೆಗೆ, ಕನ್ನಡದ ಬಚ್ಚಲಿಗೆ, ಕನ್ನಡದ ಊಟಕ್ಕೆ ಹೊಂದುವ ಚಿತ್ರಗಳನ್ನು ತಯಾರಿಸಲು ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಸಂಸ್ಥೆಗಳು ನಮ್ಮ ರಾಜ್ಯದಲ್ಲಿಯೇ ಇವೆ. ಅವರ ತಿಳಿವಳಿಕೆಯನ್ನು ತಾಲ್ಲೂಕಿನ ಶಾಲೆಯವರೆಗೆ ತರುವುದು ತಮ್ಮ ಇಲಾಖೆಯ ಕೈಯಲ್ಲಿದೆ.

ಇದು ಬರೀ ಅಚ್ಚುಕಟ್ಟಿನ ವಿಷಯವಲ್ಲ. ಹನ್ನೆರಡು ವರ್ಷದ ಹುಡುಗನ ಚಡ್ಡಿಯನ್ನು ಯಾರು ಬೇಕಾದರೂ ಬಿಚ್ಚಿ ತೊಳೆಸಬಹುದು ಎಂದಾದರೆ, ಯಾರು ಮುಟ್ಟಬಾರದು ಎಂಬುದನ್ನು ಅವನಿಗೆ ತಿಳಿಸುವುದು ಹೇಗೆ? ಮಾತು ಬಾರದ ಮಗು ಆದದ್ದನ್ನು ಮನೆಗೆ ಬಂದು ಹೇಳಲಾರದು. ತನ್ನ ಮೈಯನ್ನು ತಾನೇ ತೊಳೆದುಕೊಳ್ಳುವ, ಬಾಗಿಲು ಹಾಕಿಕೊಳ್ಳುವ, "ಬೇಡ" ಎಂದು ಕೈ ತಳ್ಳುವ ಮಗು ಅಷ್ಟರಮಟ್ಟಿಗೆ ಸುರಕ್ಷಿತ. ನಮ್ಮ ಬೀದಿಯ ಆಚೆ ಇಂಥದೇ ಒಬ್ಬ ಹುಡುಗಿ ಇದ್ದಾಳೆ. ಮುಟ್ಟು ಆರಂಭವಾದ ತಿಂಗಳೇ ಅವಳ ಶಾಲೆ ನಿಂತಿತು. ಪ್ಯಾಡ್ ಬದಲಿಸುವುದನ್ನು ಕಲಿಸಲು ಆರು ತಿಂಗಳು ಬೇಕಿತ್ತು, ಮುಟ್ಟಿಗೆ ಒಂದು ವರ್ಷ ಮುಂಚೆಯೇ ಆರಂಭಿಸಬೇಕಿತ್ತು. ಆ ತಾಯಿಗೆ ಯಾರೂ ಹೇಳಲಿಲ್ಲ. ಆ ಹುಡುಗಿ ಈಗ ಇಡೀ ದಿನ ಕಿಟಕಿಯ ಸರಳು ಹಿಡಿದು ನಿಂತಿರುತ್ತಾಳೆ. ನಾನು ಆ ಬೀದಿಯಲ್ಲಿ ಹೋಗುವಾಗಲೆಲ್ಲ ಅವಳು ನನ್ನ ಮಗನ ಹೆಸರು ಕೂಗುತ್ತಾಳೆ.

ಆಟಿಸಂ ಇರುವ ಮಗುವಿನ ತಂದೆತಾಯಿಗಳನ್ನು ರಾತ್ರಿ ಎಚ್ಚರವಾಗಿಡುವ ಪ್ರಶ್ನೆ ಒಂದೇ: ನಮ್ಮ ನಂತರ ಇವನ ಗತಿ ಏನು? 1999ರ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆಯಡಿ ಹದಿನೆಂಟು ತುಂಬಿದ ಮೇಲೆ ಇವನಿಗೆ ಪಾಲಕರನ್ನು ನೇಮಿಸಬಹುದು, ಅದಕ್ಕೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಸಮಿತಿಯೂ ಇದೆ. ಪಾಲಕರು ಬ್ಯಾಂಕಿನ ಕಾಗದಕ್ಕೆ ಸಹಿ ಹಾಕುತ್ತಾರೆ. ದಿನಾ ಬೆಳಿಗ್ಗೆ ಅವನ ಹಲ್ಲು ಉಜ್ಜಿಸಲು ಬರುವುದಿಲ್ಲ. ಅವನು ಯಾರ ನೆರವೂ ಇಲ್ಲದೆ ಬದುಕಿಯಾನು ಎಂಬ ಭ್ರಮೆ ನನಗಿಲ್ಲ. ಆದರೆ ತನ್ನ ಹತ್ತು ಕೆಲಸಗಳಲ್ಲಿ ಏಳನ್ನು ತಾನೇ ಮಾಡಿಕೊಳ್ಳುವವನನ್ನು ಅವನ ಅಕ್ಕ ತನ್ನ ಸಂಸಾರದ ಜೊತೆಗೆ ಇಟ್ಟುಕೊಳ್ಳಬಲ್ಲಳು. ಹತ್ತನ್ನೂ ಬೇರೆಯವರೇ ಮಾಡಬೇಕಾದವನನ್ನು ಇಟ್ಟುಕೊಳ್ಳುವುದು ಪ್ರೀತಿ ಎಷ್ಟಿದ್ದರೂ ಕಷ್ಟ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿಗಳು ಇವು. ಇಂಥ ಮಕ್ಕಳಿಗಾಗಿ ಪ್ರತಿ ವರ್ಷ ಬರೆಯುವ ವೈಯಕ್ತಿಕ ಶಿಕ್ಷಣ ಯೋಜನೆಯಲ್ಲಿ ನಿತ್ಯದ ಕೆಲಸಗಳ ಮೂರು ಗುರಿಗಳಾದರೂ ಇರಲೇಬೇಕೆಂದು ಸುತ್ತೋಲೆ ಹೊರಡಿಸಿ. ಆ ಗುರಿಗಳನ್ನು ತಂದೆತಾಯಿಯ ಜೊತೆ ಕುಳಿತು ಬರೆಯಲಿ, ಪ್ರಗತಿ ಪತ್ರದಲ್ಲಿ ಅವಕ್ಕೂ ಅಂಕಣ ಇರಲಿ. ಕಲಿಸಲು ಬೇರೆ ಕೋಣೆ, ಬೇರೆ ಸಲಕರಣೆ ಬೇಡ. ಬಿಸಿಯೂಟದ ಸಾಲು, ಕೈ ತೊಳೆಯುವ ನಲ್ಲಿ, ಶೌಚಾಲಯ, ಚಪ್ಪಲಿ ಬಿಡುವ ಜಾಗ, ಇವೇ ತರಗತಿಗಳು. ಊಟದ ಅರ್ಧ ಗಂಟೆಯನ್ನು ಆ ಮಗುವಿನ ಪಾಠದ ಅವಧಿಯೆಂದು ವೇಳಾಪಟ್ಟಿಯಲ್ಲಿಯೇ ನಮೂದಿಸಿದರೆ, ಅವಸರ ಮಾಡದೆ ಅವನಿಗಾಗಿ ಕಾಯಲು ಶಿಕ್ಷಕರಿಗೆ ಅಧಿಕಾರ ಸಿಗುತ್ತದೆ. ಈಗ ಅವರಿಗೆ ಇಲ್ಲದಿರುವುದು ಕಾಯುವ ಸಮಯ.

ಅಡುಗೆಯವರನ್ನೂ ತರಬೇತಿಗೆ ಕರೆಯಿರಿ. ಮಗು ಹೆಚ್ಚು ಹೊತ್ತು ಏನಾದರೂ ಕೈಯಿಂದ ಮಾಡುವುದು ಅವರ ಎದುರಿನಲ್ಲಿಯೇ. ಪ್ರತಿ ಶಾಲೆಯಲ್ಲಿ ಚಿಲಕ, ನೀರು, ಚೆಂಬು ಇರುವ ಒಂದು ಶೌಚಾಲಯವಾದರೂ ಇರಲಿ. ಇದನ್ನು ಸಚಿವರಿಗೆ ಬರೆದು ಕೇಳಬೇಕಾಗಿ ಬಂದದ್ದಕ್ಕೆ ನನಗೆ ಸಂಕಟವಾಗುತ್ತದೆ. ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿ.ಆರ್.ಸಿ.) ತಿಂಗಳಿಗೆ ಒಂದು ಶನಿವಾರ ತಂದೆತಾಯಿಗಳಿಗೆ ತರಬೇತಿ ನಡೆಯಲಿ, ಮಗುವನ್ನೂ ಕರೆತರಲು ಬಸ್ ಚಾರ್ಜು ಸಿಗಲಿ. ವಿಕಲಚೇತನರಿಗೆ ನೆರವಾಗಲು ಪಂಚಾಯಿತಿಗಳಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಅಲ್ಲಿಗೆ ಬರಲಿ. ನಮಗೆ ಮಗನ ವೈಕಲ್ಯದ ಗುರುತಿನ ಚೀಟಿ ಮಾಡಿಸಿಕೊಟ್ಟವರು ಅಂಥವರೊಬ್ಬರೇ. ಮನೆ ಮನೆಯ ಬಚ್ಚಲನ್ನು ಬಲ್ಲವರೂ ಅವರೇ. ಅವರ ಇಲಾಖೆ ಬೇರೆ ಎಂಬುದು ನನಗೆ ತಿಳಿದಿದೆ. ಎರಡು ಇಲಾಖೆಗಳು ಒಂದು ಮೇಜಿನ ಮುಂದೆ ಕುಳಿತರೆ ಸಾಕು. ಸುಪ್ರೀಂ ಕೋರ್ಟ್ ಹೇಳಿದ ವಿಶೇಷ ಶಿಕ್ಷಕರ ಹುದ್ದೆಗಳನ್ನು ಗುತ್ತಿಗೆಯ ಮೇಲಲ್ಲ, ಕಾಯಂ ಆಗಿ ತುಂಬಿ. ವರ್ಷಕ್ಕೊಬ್ಬರು ಬದಲಾದರೆ ನನ್ನ ಮಗ ಹೊಸ ಮುಖಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ವರ್ಷವೇ ಮುಗಿದಿರುತ್ತದೆ.

ಈ ಪತ್ರವನ್ನು ಓದುವ ಇತರರಲ್ಲಿಯೂ ಒಂದು ಮಾತು. ನಿಮ್ಮ ಮಗ ಅಥವಾ ಮಗಳ ತರಗತಿಯಲ್ಲಿ ಇಂಥ ಒಂದು ಮಗು ಇದ್ದರೆ, ಅವರಿಗೆ ಹೀಗೆ ಹೇಳಿಕೊಡಿ: ಅವನ ಕೆಲಸ ಮಾಡಿಕೊಡಬೇಡ, ಅವನ ಪಕ್ಕದಲ್ಲಿ ನಿಂತು ನಿನ್ನ ತಟ್ಟೆಯನ್ನು ನಿಧಾನವಾಗಿ ತೊಳೆ.

ಬರುವ ಜೂನ್‌ನಲ್ಲಿ ಮಗ ಆರನೇ ತರಗತಿಗೆ ಹೋಗುತ್ತಾನೆ. ಅವನ ಯೋಜನೆಯ ಕಾಗದವನ್ನು ಹೊಸದಾಗಿ ಬರೆಯುತ್ತಾರೆ. ನಾನು ಕರಡನ್ನು ಈಗಲೇ ಸಿದ್ಧಮಾಡಿ ಇಟ್ಟುಕೊಂಡಿದ್ದೇನೆ: ತನ್ನ ತಟ್ಟೆಯನ್ನು ತಾನೇ ತೊಳೆದು ಜೋಡಿಸುವುದು, ಶೌಚಾಲಯಕ್ಕೆ ಒಬ್ಬನೇ ಹೋಗಿಬರುವುದು, ಶಾಲೆಯ ಎದುರಿನ ಅಂಗಡಿಯಲ್ಲಿ ಹತ್ತು ರೂಪಾಯಿ ಕೊಟ್ಟು ಪೆನ್ಸಿಲ್ ಕೊಂಡು ಚಿಲ್ಲರೆ ಪಡೆಯುವುದು. ಈ ಮೂರು ಸಾಲುಗಳನ್ನು ಬರೆಯಲು ಆ ಶಾಲೆಗೆ ತಮ್ಮಿಂದ ಒಂದು ಆದೇಶ ಬರಬೇಕು. ಅದಕ್ಕಾಗಿ ಕಾಯುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಐದನೇ ತರಗತಿಯ ಒಬ್ಬ ವಿದ್ಯಾರ್ಥಿಯ ತಾಯಿ,
ತುಮಕೂರು ಜಿಲ್ಲೆ.